ಬಳ್ಳಾಪುರದಿಂದ ಬರೆದ ಕಾಗದಗಳು

ಇಲ್ಲಿಗೆ ಬಂದು ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಅಕ್ಕನ ಮದುವೆ, ಅದೂ ಇದೂ... ನೆಪಗಳು ಬಿಡಿ, ಯಾವಾಗಲೂ ಇದ್ದದ್ದೇ. ಇವತ್ತು ಕೂತು ಬರೆಯೋಕೆ ಕಾರಣ ಒಂದು ಭಾಷಣ. ಕಾಲೇಜಿನಲ್ಲಿ ಸೆಮಿನಾರ್ ಕೊಡೋಕೂ ಕಾಲು ನಡುಗುತ್ತಿದ್ದ ನಾನು ಕಳೆದ ತಿಂಗಳು ಎಪ್ಪತ್ತು ಜನರ ಮುಂದೆ ನಿಂತು ಮಾತಾಡಿದೆ. ಅದೂ ಹಳೇ ಹುಳು ಮನೆಯೊಂದರಲ್ಲಿ, ಭಾನುವಾರದ ಪ್ರಾರ್ಥನೆಗೆ ಸೇರಿದ್ದವರ ಮುಂದೆ :)

ಪಿಯುಸಿಯಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನ ಊರು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗೋ ದಾರಿಯಲ್ಲಿ ಸ್ವಲ್ಪ ಒಳಗಿದೆ. ಎರಡು ಎಕರೆ ಹಿಪ್ಪುನೇರಳೆ ತೋಟ, ವರ್ಷಕ್ಕೆ ಆರೇಳು ಬೆಳೆ ರೇಷ್ಮೆ. ಅವರಪ್ಪ ಏಳೆಂಟು ವರ್ಷದ ಹಿಂದೆ ಮೂರು ಮನೆಯವರನ್ನು ಸೇರಿಸಿಕೊಂಡು ಪ್ರಾರ್ಥನೆ ಶುರು ಮಾಡಿದರು. ಹೊಸ ಹುಳು ಮನೆ ಕಟ್ಟಿದ ಮೇಲೆ ಹಳೆಯದು ಖಾಲಿ ಬಿತ್ತು, ಅದೇ ಪ್ರಾರ್ಥನಾ ಮಂದಿರವಾಯಿತು. ಊರಿನವರು ಅವರನ್ನು ಅಯ್ಯಗಾರು ಅಂತಾರೆ, ನಾನು ಅಂಕಲ್ ಅಂತೀನಿ. ಮೂಲೆಯಲ್ಲಿ ಇನ್ನೂ ನಾಲ್ಕು ಚಂದ್ರಿಕೆಗಳು ಒರಗಿಸಿಟ್ಟಿವೆ. ಒಳಗೆ ಹೋದರೆ ಬ್ಲೀಚಿಂಗ್ ಪೌಡರ್ ಮತ್ತು ಒಣಗಿದ ಸೊಪ್ಪಿನ ವಾಸನೆ ಈಗಲೂ ಮೂಗಿಗೆ ಬಡಿಯುತ್ತೆ.

ಮೂರು ಮನೆ ಇದ್ದದ್ದು ಈಗ ಸುತ್ತಲ ನಾಲ್ಕು ಹಳ್ಳಿಯಿಂದ ಎಪ್ಪತ್ತು ಜನ ಆಗಿದ್ದಾರೆ. ಜಾಗ ಸಾಲದು. ಒಬ್ಬರು ಸಾಲ ಮಾಡಿ ಟೌನಿನಲ್ಲಿ ಸೈಟು ತಗೊಳ್ಳೋಣ ಅಂತಾರೆ. ಇನ್ನೊಬ್ಬರು ದೇವರು ಕೊಟ್ಟಾಗ ನೋಡೋಣ ಅಂತಾರೆ. ಮೊದಲಿಂದ ಇದ್ದ ಮೂರು ಮನೆಯವರಿಗೆ ಹೊಸಬರ ಮೇಲೆ ಸ್ವಲ್ಪ ಮುನಿಸು. "ಮೂರು ಮನೆ ಇದ್ದಾಗ ಭಯ ಇರ್ಲಿಲ್ಲ ಕಣಪ್ಪ. ಜನ ಜಾಸ್ತಿ ಆದಂಗೆಲ್ಲ ಎದ್ರಿಕೇನೂ ಜಾಸ್ತಿ ಆಗ್ತೈತೆ" ಅಂದರು ಅಂಕಲ್ ಫೋನಿನಲ್ಲಿ. ಆಮೇಲೆ ವಿಷಯಕ್ಕೆ ಬಂದರು. "ನಿಂಗೆ ಇಸ್ಟ್ರಿ ಉಚ್ಚು ಐತಲ್ಲ. ನಮ್ ಸೀಮೇಲಿ ಇಂದೆ ಇಂಥ ಸಣ್ಣ ಸಭೆಗಳು ಎಂಗೆ ನಿಂತ್ಕೊಂಡ್ವು ಅಂತ ಒಂದು ಅದಿನೈದು ನಿಮಿಷ ಏಳು. ನಮ್ಮೋರಿಗೆ ಧೈರ್ಯ ಬರ್ಲಿ."

"ನಾನು ನಿಮ್ಮೋನಲ್ಲವಲ್ಲ ಅಂಕಲ್" ಅಂದೆ.

"ಅದಕ್ಕೇ ಕರೀತಿರೋದು. ನಮ್ಮೋರು ಬಂದ್ರೆ ಬರೀ ಚೆಂದಾಗಿರೋದೇ ಏಳ್ತಾರೆ."

ಸಿಕ್ಕಿಹಾಕಿಕೊಂಡೆ. ಮೂರು ವೀಕೆಂಡು ಅದರಲ್ಲೇ ಹೋಯ್ತು.

ನನ್ನ ತಲೆಯಲ್ಲಿದ್ದ ಚರಿತ್ರೆ ಬಹಳ ಸರಳವಾಗಿತ್ತು. ಚಿಕ್ಕಬಳ್ಳಾಪುರದಲ್ಲಿ ಕ್ರೈಸ್ತರು ಅಂದರೆ ನಮ್ಮ ಅಜ್ಜಿ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಿದ್ದ ಸಿಎಸ್ಐ ಆಸ್ಪತ್ರೆ, ಅದನ್ನು ಕಟ್ಟಿದ ಲಂಡನ್ ಮಿಷನ್, ಅಷ್ಟೇ. ಲಂಡನ್ ಮಿಷನ್‌ನವರು ಬೆಂಗಳೂರಿಗೆ ಬಂದದ್ದು 1820ರಲ್ಲಿ, ಚಿಕ್ಕಬಳ್ಳಾಪುರದಲ್ಲಿ ನೆಲೆ ಮಾಡಿದ್ದು ಆ ಶತಮಾನ ಮುಗಿಯೋ ಹೊತ್ತಿಗೆ. ಇಲ್ಲಿದ್ದವರಲ್ಲಿ ಒಬ್ಬರು ಇ.ಪಿ. ರೈಸ್. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಬರೆದವರು ಇವರೇ. ಇವರ ಅಣ್ಣ ಬಿ.ಎಲ್. ರೈಸ್, ನಮ್ಮ ಎಪಿಗ್ರಾಫಿಯಾ ಕರ್ನಾಟಿಕದ ರೈಸ್. ನಂದಿ, ಚಿಂತಾಮಣಿ, ಗೌರಿಬಿದನೂರು ಕಡೆಯ ಶಾಸನಗಳಿರುವ ಕೋಲಾರ ಜಿಲ್ಲೆಯ ಸಂಪುಟ ಹೊರಬಂದದ್ದು 1905ರಲ್ಲಿ. ಒಬ್ಬ ಅಣ್ಣ ನಮ್ಮ ಊರುಗಳ ಕಲ್ಲುಗಳನ್ನು ಓದಿಸುತ್ತಿದ್ದ, ತಮ್ಮ ಅದೇ ಊರುಗಳ ಸಂತೆಯಲ್ಲಿ ನಿಂತು ಬೋಧನೆ ಮಾಡುತ್ತಿದ್ದ! ಅವರಪ್ಪ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು ಐವತ್ತು ವರ್ಷ ಇಲ್ಲೇ ಇದ್ದು ಇಲ್ಲೇ ತೀರಿಕೊಂಡವರು. ಈ ಕುಟುಂಬದ ಮೇಲೆ ಇನ್ನೊಂದು ದಿನ ಬರೆಯಬೇಕು.

ಇದನ್ನೇ ಹೇಳಿ ಮುಗಿಸೋಣ ಅಂದುಕೊಂಡಿದ್ದೆ. ಆಮೇಲೆ ಹಿಂದೆ ಹಿಂದೆ ಹೋದಾಗ ಗೊತ್ತಾಯ್ತು, ರೈಸ್ ಬರೋದಕ್ಕೆ ಸುಮಾರು ನೂರೆಂಬತ್ತು ವರ್ಷ ಮುಂಚೆಯೇ ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಸಭೆ ಇತ್ತು ಅಂತ. ನನ್ನ ಊರಿನ ಹೆಸರು ಪ್ಯಾರಿಸ್ಸಿನಲ್ಲಿ ಅಚ್ಚಾಗಿತ್ತು. ಚಿನ್ನಬಳ್ಳಾಬರಂ ಅಂತ.

ಚಿನ್ನ ಅಂದರೆ ಬಂಗಾರ ಅಲ್ಲ, ತೆಲುಗಿನ ಚಿನ್ನ, ಅಂದರೆ ಚಿಕ್ಕದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಹಾಗೆ ಬರೆದವರು ಫ್ರೆಂಚ್ ಜೆಸ್ವಿಟ್ ಪಾದ್ರಿಗಳು. ಮೈಸೂರು ಸೀಮೆಯಲ್ಲಿ ಆಗಲೇ ಬೇರೆ ಜೆಸ್ವಿಟರು ಇದ್ದರು. ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯವರು 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಬರೆದವರು. ಅವರೆಲ್ಲ ಪೋರ್ಚುಗಲ್ಲಿನ ರಾಜನ ಆಶ್ರಯದವರು. ಈ ಫ್ರೆಂಚರು ಬೇರೆ ಗುಂಪು. 1700ರ ಆಸುಪಾಸಿನಲ್ಲಿ ಪಾಂಡಿಚೇರಿಯಿಂದ ಹೊರಟು ಘಟ್ಟ ಹತ್ತಿ ಪುಂಗನೂರು, ಚಿಕ್ಕಬಳ್ಳಾಪುರ, ಅನಂತಪುರದ ಕಡೆಯ ಕೃಷ್ಣಪುರ ಹೀಗೆ ಒಂದೊಂದೇ ಊರಿನಲ್ಲಿ ಗುಡಿಸಲು ಹಾಕಿಕೊಂಡರು. ಇದಕ್ಕೆ ಅವರಿಟ್ಟ ಹೆಸರು ಕರ್ನಾಟಿಕ್ ಮಿಷನ್. ಮೋದುಯಿ, ಬುಷೆ, ಲೆ ಗಾಕ್ ಇವರೆಲ್ಲ ಮೊದಲ ತಲೆಮಾರಿನವರು. ಚಿಕ್ಕಬಳ್ಳಾಪುರದಲ್ಲಿ ಆಗ ಆವತಿ ನಾಡ ಪ್ರಭುಗಳ ವಂಶದ ಪಾಳೆಯಗಾರರ ಆಳ್ವಿಕೆ.

ಈ ಪಾದ್ರಿಗಳನ್ನು ಕರಿ ನಿಲುವಂಗಿಯಲ್ಲಿ ಕಲ್ಪಿಸಿಕೊಳ್ಳಬೇಡಿ. ಕಾವಿ ಉಟ್ಟಿದ್ದರು. ಮಾಂಸ ಮುಟ್ಟುತ್ತಿರಲಿಲ್ಲ. ಪರಂಗಿ ಅಂತ ಯಾರಾದರೂ ಕರೆದರೆ ಕೆಲಸ ಕೆಟ್ಟಿತು ಅಂತ ಹೆದರುತ್ತಿದ್ದರು, ಯಾಕೆಂದರೆ ಪರಂಗಿ ಅಂದರೆ ಹೆಂಡ ಕುಡಿಯೋ, ದನ ತಿನ್ನೋ ಸಿಪಾಯಿ ಅಂತ ಜನರ ಲೆಕ್ಕ. ಮಧುರೈಯಲ್ಲಿ ರಾಬರ್ಟೊ ದೆ ನೊಬಿಲಿ ನೂರು ವರ್ಷ ಮುಂಚೆ ಹಾಕಿಕೊಟ್ಟ ದಾರಿ ಇದು. ತೆಲುಗು ಕಲಿತರು, ಕೆಲವರು ಸಂಸ್ಕೃತವನ್ನೂ ಕಲಿತರು. ಊರಿಗೆ ಬಂದ ಸನ್ಯಾಸಿಯನ್ನು ನೋಡೋಕೆ ಜನ ಬಂದರು. ವಿರೋಧವೂ ಬಂತು. ದಾಸರಿಗಳು, ಅಂದರೆ ವೈಷ್ಣವ ದಾಸಯ್ಯಗಳು, ಗುಂಪು ಕಟ್ಟಿಕೊಂಡು ಬಂದು ಇವರನ್ನು ಓಡಿಸಿ ಅಂತ ಪಾಳೆಯಗಾರರ ಮೇಲೆ ಒತ್ತಡ ಹಾಕಿದ್ದನ್ನು ಲೆ ಗಾಕ್ ಬರೆಯುತ್ತಾರೆ. ದಾಸಯ್ಯಗಳ ಕಡೆಯ ಮಾತು ನಮಗೆ ಉಳಿದಿಲ್ಲ, ಇದ್ದಿದ್ದರೆ ಕಥೆ ಬೇರೆ ಥರ ಇರುತ್ತಿತ್ತೇನೋ.

ಈ ಕಾಗದಗಳ ಬಗ್ಗೆ ಒಂದು ಎಚ್ಚರಿಕೆ. ಪ್ಯಾರಿಸ್ಸಿನಲ್ಲಿ 1702ರಿಂದ 1776ರವರೆಗೆ 34 ಸಂಪುಟಗಳಲ್ಲಿ ಇವು ಅಚ್ಚಾದವು. ಸರಣಿಯ ಹೆಸರನ್ನು ಕನ್ನಡಕ್ಕೆ ತಂದರೆ 'ಭಕ್ತಿ ಬೆಳೆಸುವ ಮತ್ತು ಕುತೂಹಲದ ಪತ್ರಗಳು' ಅಂತಾಗುತ್ತೆ. ಚೀನಾದಿಂದ ಕೆನಡಾದವರೆಗೆ ಎಲ್ಲ ಕಡೆಯ ಪಾದ್ರಿಗಳ ಕಾಗದಗಳೂ ಅದರಲ್ಲಿವೆ. ಫ್ರಾನ್ಸಿನ ಭಕ್ತರು ಓದಬೇಕು, ಓದಿ ದುಡ್ಡು ಕೊಡಬೇಕು, ಹೊಸ ಹುಡುಗರು ಹಡಗು ಹತ್ತಬೇಕು. ಸಂಪಾದಕರು ಕೆಲವೊಮ್ಮೆ ತಿದ್ದುತ್ತಲೂ ಇದ್ದರು. ನಮ್ಮ ಕಂಪನಿಗಳಲ್ಲಿ ಪ್ರತಿ ಶುಕ್ರವಾರ ಕ್ಲೈಂಟಿಗೆ ಕಳಿಸೋ ಸ್ಟೇಟಸ್ ರಿಪೋರ್ಟ್ ಥರ. ಒಳಗೆ ಏನೇ ಉರಿಯುತ್ತಿರಲಿ, ಬಣ್ಣ ಮಾತ್ರ ಹಸಿರು :) ಎಷ್ಟು ಜನಕ್ಕೆ ದೀಕ್ಷಾಸ್ನಾನ ಆಯ್ತು ಅನ್ನೋ ಲೆಕ್ಕ ಮತ್ತೆ ಮತ್ತೆ ಬರುತ್ತೆ. ದೀಕ್ಷಾಸ್ನಾನ ಆದವರು ಮುಂದಿನ ಬರಗಾಲದಲ್ಲಿ ಎಲ್ಲಿ ಹೋದರು ಅನ್ನೋದು ಕಡಿಮೆ.

ಹಾಗಂತ ಬರೀ ಲೆಕ್ಕವೂ ಅಲ್ಲ. 1730ರ ದಶಕದ ಕಾಗದಗಳಲ್ಲಿ ಬಳ್ಳಾಪುರಂ, ವೆಂಕಟಗಿರಿ ಅಂತ ಊರ ಹೆಸರು ಹಾಕಿ ಬರೆದ ಝಾಂ ಕಾಲ್ಮೆತ್ ಅಂತ ಒಬ್ಬರಿದ್ದಾರೆ. ಪ್ಯಾರಿಸ್ಸಿನ ರಾಜನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಆಬೆ ಬಿನ್ಯೋಂ ಭಾರತದ ಪುಸ್ತಕಗಳನ್ನು ಕಳಿಸಿ ಅಂತ ಕೇಳಿದ್ದರು. ವೇದ ಪರದೇಶಿಯವರ ಕೈಗೆ ಸಿಗೋದೇ ಇಲ್ಲ, ಅಂಥದ್ದು ಇದೆಯೋ ಇಲ್ಲವೋ ಅನ್ನೋ ಅನುಮಾನ ಯೂರೋಪಿನಲ್ಲಿ ಇದ್ದ ಕಾಲ. ಕಾಲ್ಮೆತ್ ತೆಲುಗು ಲಿಪಿಯಲ್ಲಿದ್ದ ವೇದದ ಪ್ರತಿಗಳನ್ನು ಸಂಪಾದಿಸಿ ಹಡಗಿಗೆ ಹಾಕಿಸಿದರು. ಅವು ಇವತ್ತೂ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅದೇ ಮಿಷನ್ನಿನ ಇನ್ನೊಬ್ಬರು ಕೂರ್ದೂ. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕಿಗೂ ನಂಟಿದೆ ಅಂತ ಇವರು ಪ್ಯಾರಿಸ್ಸಿಗೆ ಬರೆದದ್ದು 1767ರಲ್ಲಿ, ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಅದನ್ನೇ ಹೇಳಿ ಹೆಸರು ಮಾಡೋದಕ್ಕೆ 19 ವರ್ಷ ಮುಂಚೆ. ಅಲ್ಲಿಯವರು ಅದನ್ನು ಅಚ್ಚು ಹಾಕಿದ್ದು 1808ರಲ್ಲಿ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಪಾಪ, ಪೇಟೆಂಟ್ ಲೇಟಾಯ್ತು.

ಇದೆಲ್ಲ ನಮ್ಮಂಥ ಇತಿಹಾಸದ ಹುಚ್ಚರಿಗೆ ಹಬ್ಬ. ಆದರೆ ಅಂಕಲ್ ಕೇಳಿದ್ದು ಪಾದ್ರಿಗಳ ಪಾಂಡಿತ್ಯವನ್ನಲ್ಲವಲ್ಲ. ಹುಳು ಮನೆಯಲ್ಲಿ ಕೂರೋ ಎಪ್ಪತ್ತು ಜನರಿಗೆ ಇದರಿಂದ ಏನು? ಅವರಂಥವರು ಈ ಕಾಗದಗಳಲ್ಲಿ ಎಲ್ಲಿದ್ದಾರೆ ಅಂತ ಹುಡುಕಿದೆ. ಇದ್ದಾರೆ, ಹೆಸರಿಲ್ಲದೆ ಇದ್ದಾರೆ. ಒಬ್ಬ ಪಾದ್ರಿಗೆ ಎಷ್ಟೋ ಹಳ್ಳಿ, ವರ್ಷಕ್ಕೆ ಒಂದೆರಡು ಸಲ ಒಂದು ಹಳ್ಳಿಗೆ ಬಂದರೆ ಹೆಚ್ಚು. ಮಿಕ್ಕ ದಿನಗಳಲ್ಲಿ ಜನರನ್ನು ಸೇರಿಸಿ ಪ್ರಾರ್ಥನೆ ಹೇಳಿಸುತ್ತಿದ್ದವನು, ಸಾಯೋ ಮಗುವಿಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುತ್ತಿದ್ದವನು ಊರಿನವನೇ ಆದ ಉಪದೇಶಿ. ಸಭೆ ನಿಂತಿದ್ದು ಇವನ ಹೆಗಲ ಮೇಲೆ.

ಹೇಳೋಕೆ ಮನಸ್ಸಿಲ್ಲದ ಇನ್ನೊಂದು ವಿಷಯವೂ ಸಿಕ್ಕಿತು. ಜಾತಿ. ಸನ್ಯಾಸಿ ವೇಷ ಹಾಕಿದವನು ಹೊಲಗೇರಿಗೆ ಹಗಲು ಹೊತ್ತು ಹೋಗೋ ಹಾಗಿಲ್ಲ, ಹೋದರೆ ಮೇಲ್ಜಾತಿಯವರು ಹತ್ತಿರ ಸೇರಿಸರು. ಹಾಗಾಗಿ ಒಂದೇ ದೇವರು, ಬೇರೆ ಬೇರೆ ಬಾಗಿಲು. ಇದೇ ಮುಂದೆ ಮಲಬಾರ್ ಆಚರಣೆಗಳ ಜಗಳ ಅಂತ ರೋಮಿನವರೆಗೆ ಹೋಯಿತು. ಪೋಪರ ಪ್ರತಿನಿಧಿ ತೂರ್ನೋಂ 1704ರಲ್ಲಿ ಪಾಂಡಿಚೇರಿಯಲ್ಲಿ ನಿಷೇಧದ ಆಜ್ಞೆ ಹೊರಡಿಸಿದರು, ನಲವತ್ತು ವರ್ಷ ಎಳೆದಾಡಿ 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಕೊನೆಯ ಮಾತು ಹೇಳಿದರು. ಪಾಂಡಿಚೇರಿಯ ಜೆಸ್ವಿಟ್ ಚರ್ಚಿನ ಒಳಗೇ ಪರಯರನ್ನು ಬೇರೆ ಕೂರಿಸೋಕೆ ಒಂದು ಗೋಡೆ ಇತ್ತು. ಡ್ಯೂಪ್ಲೆಯ ದುಭಾಷಿ ಆನಂದರಂಗ ಪಿಳ್ಳೆ ತಮ್ಮ ದಿನಚರಿಯಲ್ಲಿ 1745ರಲ್ಲಿ ಬರೆದಿಟ್ಟಿದ್ದಾರೆ: ನಾವೂ ನಿಮ್ಮ ಮಕ್ಕಳೇ ಆದರೆ ಈ ಗೋಡೆ ಯಾಕೆ ಅಂತ ಆ ಜನ ಹೋಗಿ ಕೇಳಿದರು, ಗೋಡೆ ಒಡೆಸಿದರು. ಪಿಳ್ಳೆಗೆ ಇದು ಅಷ್ಟು ಹಿಡಿಸಿದ ಹಾಗೆ ಕಾಣಲ್ಲ, ಆದರೂ ಬರೆದಿಟ್ಟರು. ದಿನಚರಿ ಬರೆಯೋರಿಗೆ ನಾವು ಇದಕ್ಕೇ ಕೈ ಮುಗಿಯಬೇಕು. ನನ್ನ ಮಟ್ಟಿಗೆ ಈ ಒಂದು ಸಂಗತಿ ಆ 34 ಸಂಪುಟಗಳಿಗಿಂತ ದೊಡ್ಡದು. ಪಾದ್ರಿಗಳು ತತ್ವಕ್ಕೂ ಅನುಕೂಲಕ್ಕೂ ನಡುವೆ ನಲವತ್ತು ವರ್ಷ ವಾದ ಮಾಡುತ್ತಿದ್ದಾಗ, ಗೋಡೆಯಾಚೆ ಕೂತವರು ನೇರವಾಗಿ ಹೋಗಿ ಕೇಳಿದರು.

ಆಮೇಲೆ ಎಲ್ಲ ಒಂದರ ಮೇಲೊಂದು ಕುಸಿಯಿತು. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ, 1761ರ ಜನವರಿಯಲ್ಲಿ ಪಾಂಡಿಚೇರಿ ಬಿತ್ತು, ಇಂಗ್ಲಿಷರು ಅದನ್ನು ನೆಲಸಮ ಮಾಡಿದರು. ಅತ್ತ ಪೋರ್ಚುಗಲ್ 1759ರಲ್ಲಿ, ಫ್ರಾನ್ಸ್ 1764ರಲ್ಲಿ ಜೆಸ್ವಿಟರನ್ನು ಹೊರಹಾಕಿದವು, 1773ರಲ್ಲಿ ಪೋಪರೇ ಇಡೀ ಪಂಗಡವನ್ನು ರದ್ದು ಮಾಡಿದರು. ಇತ್ತ ಹೈದರಾಲಿ 1762ರಲ್ಲಿ ಚಿಕ್ಕಬಳ್ಳಾಪುರದ ಕೋಟೆಗೆ ಮುತ್ತಿಗೆ ಹಾಕಿದ. ಪಾಳೆಯಗಾರರು ಗುತ್ತಿಯ ಮುರಾರಿರಾಯನನ್ನು ಕರೆಸಿಕೊಂಡರು, ನಂದಿಬೆಟ್ಟ ಹತ್ತಿದರು, ಕೊನೆಗೆ ಸೋತರು. ಒಂದು ಕಡೆ ಕಾಪಾಡುತ್ತಿದ್ದ ಪಾಳೆಯಗಾರರಿಲ್ಲ, ಇನ್ನೊಂದು ಕಡೆ ಸ್ವಾಮಿಗಳನ್ನು ಕಳಿಸುತ್ತಿದ್ದ ಸಂಸ್ಥೆಯೇ ಇಲ್ಲ. ನಾವು ಸರ್ವರ್ ಡೌನ್ ಆದರೆ ಬ್ಯಾಕಪ್ ಇದೆಯಾ ಅಂತ ಕೇಳ್ತೀವಲ್ಲ, ಇಲ್ಲಿ ಡೇಟಾ ಸೆಂಟರೇ ಮುಚ್ಚಿಹೋಯ್ತು. ಪ್ಯಾರಿಸ್ಸಿನ ಇನ್ನೊಂದು ಮಿಷನ್ ಸಂಘ 1776ರಲ್ಲಿ ಜವಾಬ್ದಾರಿ ತಗೊಂಡಾಗ ಇದ್ದದ್ದು ಬೆರಳೆಣಿಕೆಯ ಪಾದ್ರಿಗಳು. ಈ ಮಿಷನ್ನಿನ ತೆಲುಗು ಕುಟುಂಬಗಳಲ್ಲಿ ಹಲವು ಗಂಟುಮೂಟೆ ಕಟ್ಟಿಕೊಂಡು ಪೂರ್ವಕ್ಕೆ ಗುಂಟೂರು ಸೀಮೆಗೆ ಹೋದವು. ಫಿರಂಗಿಪುರದಂಥ ಊರುಗಳಲ್ಲಿ ಅವರ ವಂಶದವರು ಇಂದಿಗೂ ಇದ್ದಾರೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗ ಹತ್ತುವ ಹೊತ್ತಿಗೆ ಚಿನ್ನಬಳ್ಳಾಬರಂ ಅನ್ನೋ ಹೆಸರು ಬರೀ ಪುಸ್ತಕದಲ್ಲಿ ಉಳಿದಿತ್ತು.

ಇದನ್ನು ಹೇಳಿದರೆ ಯಾರಿಗೆ ಧೈರ್ಯ ಬರುತ್ತೆ, ಹೇಳಿ!

ಅದಕ್ಕೇ ಬೇರೆ ಕಡೆ ಹುಡುಕಿದೆ. ಮೊದಲು ಸಿಕ್ಕಿದ್ದು ಆಬೆ ದುಬುವಾ. ಹಿಂದೂಗಳ ಆಚಾರ ವಿಚಾರಗಳ ಮೇಲೆ ದೊಡ್ಡ ಪುಸ್ತಕ ಬರೆದವರು ಅಂತ ನಮಗೆಲ್ಲ ಗೊತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸೋಕೆ ಅವರನ್ನು ಕರೆಸಿದರು. ಇವರೂ ಇಲ್ಲಿಯವರ ಥರವೇ ಉಡುಪು ತೊಟ್ಟವರೇ. ಜನ ದೊಡ್ಡಸ್ವಾಮಿಯವರು ಅನ್ನುತ್ತಿದ್ದರು. ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಭೂಮಿ ಕೊಡಿಸಿ ಬೇಸಾಯದ ಊರು ನಿಲ್ಲಿಸಿದರು. ಸಿಡುಬಿಗೆ ಹಾಲು ಹಾಕಿಸೋ ಕೆಲಸವನ್ನು ಮೈಸೂರು ಸೀಮೆಯಲ್ಲಿ ಹರಡಿದರು, 1803-04ರಲ್ಲಿ 25,432 ಜನಕ್ಕೆ ಹಾಕಿಸಿದ ಲೆಕ್ಕವಿದೆ. ಇಷ್ಟು ಮಾಡಿದ ಮನುಷ್ಯ 1823ರಲ್ಲಿ ಊರಿಗೆ ವಾಪಸ್ಸು ಹೋಗಿ ಏನು ಬರೆದರು ಗೊತ್ತಾ? ಇಪ್ಪತ್ತೈದು ವರ್ಷದಲ್ಲಿ ನನ್ನ ಕೈಯಲ್ಲಿ ಕ್ರೈಸ್ತರಾದವರು ಇನ್ನೂರು ಮುನ್ನೂರು ಜನ, ಅದರಲ್ಲೂ ಹೆಚ್ಚಿನವರು ಪರಯರು, ಭಿಕ್ಷುಕರು, ಈ ದೇಶದಲ್ಲಿ ಈ ಕೆಲಸ ಆಗೋದಲ್ಲ, ಅಂತ. ಇಂಗ್ಲೆಂಡಿನಲ್ಲಿ ಗಲಾಟೆಯೇ ಆಯಿತು. ಹಫ್, ಟೌನ್ಲಿ ಅಂತ ಇಬ್ಬರು 1824ರಲ್ಲಿ ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ನನಗೆ ದುಬುವಾ ಮೇಲೆ ಗೌರವ ಜಾಸ್ತಿ ಆಯ್ತು, ಕೆಂಪು ಬಣ್ಣದ ಸ್ಟೇಟಸ್ ರಿಪೋರ್ಟ್ ಕಳಿಸಿದ ಒಬ್ಬ ಮನುಷ್ಯನಾದರೂ ಸಿಕ್ಕಿದನಲ್ಲ ಅಂತ. ಆದರೆ ಆ ಭಿಕ್ಷುಕರನ್ನು ಅವರು ಯಾಕೆ ಕಡಿಮೆ ಲೆಕ್ಕ ಹಾಕಿದರೋ. ಸತ್ತಿಹಳ್ಳಿಯಲ್ಲಿ ಸಭೆ ಇವತ್ತೂ ಇದೆ. ಕೈಬಿಟ್ಟಿದ್ದು ಲೆಕ್ಕ ಹಾಕಿದವರು, ಅಲ್ಲಿ ಕೂತು ರಾಗಿ ಬಿತ್ತಿದವರಲ್ಲ.

ಇನ್ನೊಂದು ಗದಗದ ಹತ್ತಿರದ ಮಲ್ಲಸಮುದ್ರ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಕೆಲವೇ ವರ್ಷದಲ್ಲಿ ಧಾರವಾಡ, ಹುಬ್ಬಳ್ಳಿ ಕಡೆ ಹರಡಿದರು. ಅಲ್ಲಿ ಕಾಲಜ್ಞಾನವನ್ನು ನಂಬೋ ಒಂದು ಪಂಥದ ಗುರುಗಳು ಬಂದು, ನಮ್ಮ ಕಾಲಜ್ಞಾನದಲ್ಲಿ ನೀವು ಬರೋದು ಬರೆದಿದೆ, ನಮ್ಮ ಸಾವಿರಾರು ಜನ ನಿಮ್ಮ ಜೊತೆ ಸೇರುತ್ತಾರೆ ಅಂದರು. ಪಾದ್ರಿಗಳಿಗೆ ಸ್ವರ್ಗ ಮೂರೇ ಗೇಣು. ಬರುವವರಿಗಾಗಿ 1841ರಲ್ಲಿ ಮಲ್ಲಸಮುದ್ರದಲ್ಲಿ ಭೂಮಿ ಮಾಡಿಕೊಂಡು ಬೇಸಾಯದ ಕಾಲೊನಿ ಕಟ್ಟಿದರು. ಆ ಸಾವಿರಾರು ಜನ ಬರಲೇ ಇಲ್ಲ. ಜನ ಬರುವ ಮುಂಚೆ ಕಟ್ಟಡ! ಸೈಟು, ಸಾಲ ಅಂತಿದ್ದವರಿಗೆ ಇದನ್ನು ಹೇಳಲೇಬೇಕು ಅಂತ ಗುರುತು ಹಾಕಿಟ್ಟುಕೊಂಡೆ. ಅದೇ ಮಿಷನ್ ಮಂಗಳೂರಿನಲ್ಲಿ ಬೇರೆ ದಾರಿ ಹಿಡಿಯಿತು. ಸಭೆಗೆ ಸೇರಿದವರನ್ನು ಮನೆಯವರು ಹೊರಹಾಕುತ್ತಿದ್ದರು, ಕಸುಬು ಹೋಗುತ್ತಿತ್ತು. ಪ್ರಾರ್ಥನೆ ಮಾಡಿ ಅಂತ ಹೇಳಿ ಕೂರಲಿಲ್ಲ, ಮಗ್ಗ ಹಾಕಿದರು, ಅಚ್ಚುಕೂಟ ಹಾಕಿದರು, 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚು ನಮ್ಮ ಅಂಕಲ್ ಅವರ ಹಳೇ ಹುಳು ಮನೆಯ ತಲೆ ಮೇಲೂ ಇದೆ.

ಆ ಭಾನುವಾರ ಬಂತು. ಬೆಳಿಗ್ಗೆ ಆರಕ್ಕೇ ಬೆಂಗಳೂರು ಬಿಟ್ಟರೂ ನಂದಿಬೆಟ್ಟಕ್ಕೂ ಈಶಕ್ಕೂ ಹೋಗೋ ಕಾರುಗಳ ಸಾಲಿನಲ್ಲಿ ಸಿಕ್ಕಿ ಲೇಟು. ಚಪ್ಪಲಿಗಳು ಹಿಪ್ಪುನೇರಳೆ ಸಾಲಿನವರೆಗೆ ಹರಡಿದ್ದವು. ತೆಲುಗಿನಲ್ಲಿ ಹಾಡು, ಕನ್ನಡದಲ್ಲಿ ಓದು. ಅಂಕಲ್ ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರಿಕೆ ಓದಿಸಿದರು. ಹೊಸ ಒಡಂಬಡಿಕೆಯಲ್ಲಿ ಎಲ್ಲಕ್ಕಿಂತ ಹಳೇ ಬರಹ ಬಹುಶಃ ಇದೇ ಅಂತ ವಿದ್ವಾಂಸರು ಹೇಳುತ್ತಾರೆ, ಕ್ರಿ.ಶ. 50ರ ಸುಮಾರಿನದು. ಪೌಲ ಆ ಊರಿನಲ್ಲಿ ಇದ್ದದ್ದು ಸ್ವಲ್ಪ ದಿನ, ಗಲಾಟೆಯಾಗಿ ರಾತ್ರೋರಾತ್ರಿ ಹೊರಡಬೇಕಾಯ್ತು. ಆ ಹೊಸ ಜನ ಉಳಿದಿದ್ದಾರೋ ಬಿಟ್ಟರೋ ಅಂತ ತಡೆಯಲಾರದೆ ಒಬ್ಬನನ್ನು ಕಳಿಸಿ ವಿಚಾರಿಸಿ, ಆಮೇಲೆ ಬರೆದ ಕಾಗದ. ನಾನು ಇದನ್ನು ಮೊದಲ ಸಲ ಕೇಳಿಸಿಕೊಂಡದ್ದು. ಊರು ಬಿಟ್ಟು ಓಡಿದ ಮೇಷ್ಟ್ರು ಹುಡುಗರ ಬಗ್ಗೆ ಚಿಂತೆ ಮಾಡಿ ಬರೆದ ಹಾಗೆ ಇತ್ತು.

ನನ್ನ ಸರದಿ ಬಂದಾಗ ಬರೆದುಕೊಂಡು ಹೋಗಿದ್ದನ್ನು ಅರ್ಧಕ್ಕೆ ಬಿಟ್ಟೆ. ರೈಸ್ ಕಥೆಯಿಂದ ಶುರು ಮಾಡಿ ಚೆನ್ನಾಗಿರೋದನ್ನು ಹೇಳಿ ಇಳಿದುಬಿಡೋಣ ಅಂತ ಕೊನೇ ಗಳಿಗೆವರೆಗೂ ಅನ್ನಿಸಿತ್ತು. ಆದರೆ ಅಂಕಲ್ ಮೊದಲೇ ಹೇಳಿದ್ದರಲ್ಲ. ಎಲ್ಲ ಹೇಳಿದೆ. ಚಿನ್ನಬಳ್ಳಾಬರಂ ಸಭೆ ಅರವತ್ತು ವರ್ಷ ಇತ್ತು, ಆಮೇಲೆ ಇಲ್ಲವಾಯಿತು ಅಂತಲೂ ಹೇಳಿದೆ. ಸದ್ದೇ ಇಲ್ಲ. ಫ್ಯಾನ್ ಕಿರುಗುಡೋದು ಕೇಳಿಸುತ್ತಿತ್ತು.

ಮುಂದೆ ಕೂತಿದ್ದ ಒಬ್ಬ ಅಜ್ಜಿ, ಮೊದಲ ಮೂರು ಮನೆಯವರಲ್ಲಿ ಒಬ್ಬರು, ಕೇಳಿದರು. "ಸ್ವಾಮಿಗಳೆಲ್ಲಾ ವೋಗ್ಬಿಟ್ಮೇಲೆ ಆ ಜನ ಸತ್ರೆ ಮಣ್ಣಿಗೆ ಯಾರಿಟ್ರು ನಾಯನಾ? ಪ್ರಾರ್ಥನೆ ಯಾರೇಳುದ್ರು?"

ಉಪದೇಶಿಗಳ ವಿಷಯ ಹೇಳಿದೆ. ಊರಿನವರೇ, ನಿಮ್ಮಂಥವರೇ, ಬಾಯಿಪಾಠ ಮಾಡಿಕೊಂಡಿದ್ದವರು.

"ಅಂಗಾರೆ ನಮ್ಮಲ್ಲಿ ಯಾರಿಗ್ ಬರ್ತೈತೆ?" ಅಂದರು ಅಜ್ಜಿ, ನನ್ನ ಕಡೆ ಅಲ್ಲ, ಅಂಕಲ್ ಕಡೆ ತಿರುಗಿ.

ಅಂಕಲ್ ತಕ್ಷಣ ಮಾತಾಡಲಿಲ್ಲ. ಏಳೆಂಟು ವರ್ಷದಿಂದ ಹಾಡೂ ಅವರದೇ, ಓದೂ ಅವರದೇ, ಸಾವಿಗೂ ಮದುವೆಗೂ ಅವರೇ. ಹೋದ ಬೇಸಿಗೆಯಲ್ಲಿ ಅವರಿಗೆ ಎದೆನೋವು ಬಂದು ಹದಿನೈದು ದಿನ ಮಲಗಿದ್ದಾಗ ಪ್ರಾರ್ಥನೆಯೇ ನಡೆದಿರಲಿಲ್ಲ ಅಂತ ಆಮೇಲೆ ಗೆಳೆಯ ಹೇಳಿದ. ಎಲ್ಲರೂ ಇಷ್ಟು ದಿನ ಸೈಟಿನ ಬಗ್ಗೆ ಜಗಳ ಆಡಿದ್ದರು, ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಕೊನೆಗೆ ಎದ್ದು ನಿಂತು ಮಾತಾಡಿದ್ದು ಐದೇ ನಿಮಿಷ. ನನ್ನ ಇಪ್ಪತ್ತು ನಿಮಿಷಕ್ಕಿಂತ ಅದು ಚೆನ್ನಾಗಿತ್ತು, ನೆನಪಿರೋಷ್ಟು ಬರೀತೀನಿ. "ನೀವೆಲ್ಲ ಉಳ ಮೇಯ್ಸಿರೋರು. ಉಳ ಜ್ವರಕ್ಕೆ ಕೂತಾಗ ಏನ್ ಮಾಡ್ತೀರಿ? ಮೇಯಲ್ಲ, ಅಲ್ಲಾಡಲ್ಲ, ತಲೆ ಎತ್ಕೊಂಡು ಸುಮ್ನೆ ಇರ್ತೈತೆ. ವಸಬ್ರು ಸತ್ತೇ ವೋಯ್ತು ಅಂತ ಎದ್ರುಕೊಂಡು ಸೊಪ್ಪಾಕ್ತಾರೆ, ಮುಟ್ತಾರೆ, ಬೆಳೆ ಆಳಾಗ್ತೈತೆ. ಜ್ವರ ಯಾಕ್ ಬತ್ತೈತೆ? ಉಳ ಬೆಳೆದೈತೆ, ಚರ್ಮ ಸಾಲ್ದು, ಅದಕ್ಕೆ. ನಮಗೂ ಈಗ ಚರ್ಮ ಬಿಗಿ ಆಗೈತೆ. ನಾನು ನಿಮ್ ಸಂಖ್ಯೆ ನೋಡಿ ಎದ್ರುಕೊಂಡೆ. ಎಲ್ಲಾ ನಾನೇ ಇಡ್ಕೊಂಡಿದೀನಿ ಅಂತ ಎದ್ರುಕೊಂಡೆ. ದೇವ್ರು ಇಡ್ಕೊಂಡವ್ನೆ ಅಂತ ನಿಮಗೆ ಏಳ್ತಾ ಇದ್ದೆ, ನಾನೇ ನಂಬಿರ್ಲಿಲ್ಲ." ಇಷ್ಟು ಹೇಳಿ ಕೂತುಬಿಟ್ಟರು. ನಂಬಿಕೆ ವಿಷಯದಲ್ಲಿ ನಾನು ಹೊರಗಿನವನು, ಆದರೂ ಒಬ್ಬ ಹಿರಿಯ ತನ್ನದೇ ಜನರ ಮುಂದೆ ಹೀಗೆ ಒಪ್ಪಿಕೊಳ್ಳೋದನ್ನು ನಾನು ಆಫೀಸಿನಲ್ಲಂತೂ ನೋಡಿಲ್ಲ.

ಊಟಕ್ಕೆ ಮುದ್ದೆ, ಹುರುಳಿ ಸಾರು. ಊಟ ಆದ ಮೇಲೆ ಹಿರಿಯರೆಲ್ಲ ಜಗುಲಿಯಲ್ಲಿ ಕೂತರು. ಸೈಟಿನ ಮಾತು ಬಂತು, ಮಲ್ಲಸಮುದ್ರದ ಕಥೆ ಕೆಲಸ ಮಾಡಿತೋ ಏನೋ, ಸಾಲದವರು ಅಷ್ಟು ಎಳೆಯಲಿಲ್ಲ. ಹುಳು ಮನೆಗೂ ಪಕ್ಕದ ಸೊಪ್ಪಿನ ಕೋಣೆಗೂ ನಡುವೆ ಇರೋ ಅರ್ಧ ಇಟ್ಟಿಗೆ ಗೋಡೆ ಒಡೆದರೆ ಇನ್ನೂ ಮೂವತ್ತು ಜನ ಕೂರಬಹುದು ಅಂತ ಯಾರೋ ಹುಡುಗ ಹೇಳಿದ. ಮಂಗಳವಾರ ಒಡೆದರಂತೆ. ಗೌರಿಬಿದನೂರು ಕಡೆಯಿಂದ ಬರೋ ಎಂಟು ಜನಕ್ಕೆ ಅವರ ಹಳ್ಳಿಯಲ್ಲೇ ತಿಂಗಳಿಗೆರಡು ಸಲ ಸೇರೋ ಹಾಗೆ ಆಯ್ತು. ಆರು ಜನ ಬುಧವಾರ ರಾತ್ರಿ ಅಂಕಲ್ ಹತ್ತಿರ ಓದೋಕೆ, ಹಾಡಿಸೋಕೆ, ಮಣ್ಣು ಮಾಡೋವಾಗ ಹೇಳೋ ಪ್ರಾರ್ಥನೆ ಕಲಿಯೋಕೆ ಬರುತ್ತಿದ್ದಾರೆ. ಅದರಲ್ಲಿ ನಾಲ್ವರು ಹೆಂಗಸರು.

ಮೊನ್ನೆ ಗೆಳೆಯ ಫೋನ್ ಮಾಡಿದ್ದ. ಈ ಭಾನುವಾರ ಅವರಪ್ಪ ಹಿಂದೆ, ಚಂದ್ರಿಕೆಗಳ ಪಕ್ಕ ಕೂತಿದ್ದರಂತೆ. ಮುಂದೆ ನಿಂತು ಪ್ರಾರ್ಥನೆ ನಡೆಸಿದ್ದು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚೋ ಕೆಲಸಕ್ಕೆ ಹೋಗೋ ಒಬ್ಬ ಹುಡುಗಿ. ಮಧ್ಯದಲ್ಲಿ ಮರೆತುಹೋಗಿ ನಿಂತುಬಿಟ್ಟಳಂತೆ. ಅಂಕಲ್ ಬಾಯಿ ತೆಗೆಯೋಕೆ ಹೋದರೆ, ಮುಂದಿನ ಸಾಲಿನಿಂದ ಆ ಅಜ್ಜಿ ಅವರ ಕಡೆ ಕೈ ಅಡ್ಡ ಮಾಡಿ, ಹುಡುಗಿಗೆ ತಾನೇ ಮೆಲ್ಲಗೆ ಮುಂದಿನ ಮಾತು ಹೇಳಿಕೊಟ್ಟರಂತೆ.